ಪಕ್ಕದ ಮನೆಯ ಬಿಸಿಲು: ಲೇಔಟ್ ಅಂಚಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಲೆಕ್ಕ

ಕಾರಿನ ಬಾನೆಟ್ ಮೇಲೆ ನಕ್ಷೆ ಹರಡಿತ್ತು. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಒಂದೊಂದು ಇಟ್ಟಿಗೆ ಚೂರು ಇಟ್ಟಿದ್ದರು. ಬಿಲ್ಡರ್ ಕಡೆಯ ಎಂಜಿನಿಯರ್ ಬೆರಳಿಟ್ಟು ತೋರಿಸುತ್ತಿದ್ದರು: ಇದು ಲಿಫ್ಟು, ಇದು ಮೆಟ್ಟಿಲು, ಇದು ಸಂಪು. ಹಿಂದಿನ ಮನೆಯ ಅಜ್ಜಿ ಗೇಟು ತೆಗೆದು ಬಂದು, ಕನ್ನಡಕ ಸರಿ ಮಾಡಿಕೊಂಡು, ಹಾಳೆಯನ್ನು ಒಂದು ಸುತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಇದರಲ್ಲಿ ನಮ್ಮನೆ ಎಲ್ಲಿದೆಯಪ್ಪಾ?"

"ಇಲ್ಲಿಗೆ ನಮ್ಮ ಸೈಟು ಮುಗಿಯುತ್ತಮ್ಮ. ಆಚೆ ನಿಮ್ಮದು" ಎಂದರು ಎಂಜಿನಿಯರ್. ಕಾಂಪೌಂಡ್ ಗೆರೆಯ ಆಚೆ ಬಿಳೀ ಕಾಗದ. ಅದರ ಮೇಲೆ ಪಕ್ಕದ ಸೈಟಿನ ನಂಬರ್ ಬಿಟ್ಟರೆ ಬೇರೇನೂ ಇರಲಿಲ್ಲ.

ಅಜ್ಜಿ ಕೇಳಿದ್ದು ಈ ವಿಷಯದ ಬುಡದ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ನಾಲ್ಕೈದು ಅಂತಸ್ತಿನ ಅಪಾರ್ಟ್‌ಮೆಂಟು ಒಂಟಿ ಮನೆಗಳ ಪಕ್ಕ ಬಂದಾಗ ಜಗಳ ಶುರುವಾಗುವುದು ಎತ್ತರದ ಮಾತಿನಿಂದ. ಎಷ್ಟು ಅಂತಸ್ತು, ಪರ್ಮಿಷನ್ ಇದೆಯಾ, ಇಷ್ಟೇ ಚರ್ಚೆ. ಆದರೆ ಪಕ್ಕದವರಿಗೆ ನಿಜವಾಗಿ ನೋವು ಕೊಡುವುದು ಅಥವಾ ಕೊಡದೇ ಇರುವುದು, ಆ ಕಾಂಪೌಂಡ್ ಗೆರೆಯ ಎರಡೂ ಕಡೆಯ ಹತ್ತು ಮೀಟರ್ ಜಾಗದಲ್ಲಿ ಏನು ಮಾಡುತ್ತೇವೆ ಅನ್ನುವುದು. ಅದನ್ನೇ ಬಿಡಿಸಿ ನೋಡೋಣ. ಉದಾಹರಣೆಗೆ ಬೆಂಗಳೂರನ್ನೇ ತೆಗೆದುಕೊಳ್ಳುತ್ತೇನೆ.

ಬೆಂಗಳೂರಿನ ಹಳೇ ಬಡಾವಣೆಗಳು ಹುಟ್ಟಿದ್ದೇ ಗಾಳಿ ಬೆಳಕಿಗಾಗಿ. ಬಸವನಗುಡಿ, ಮಲ್ಲೇಶ್ವರ 1890ರ ದಶಕದ ಬಡಾವಣೆಗಳು. 1898ರಲ್ಲಿ ಪ್ಲೇಗ್ ಪೇಟೆಯ ಇಕ್ಕಟ್ಟು ಬೀದಿಗಳನ್ನು ಕಾಡಿದ ಮೇಲೆ ಜನ ಅಗಲವಾದ ರಸ್ತೆ, ಸುತ್ತ ತೋಟ ಇರುವ ಈ ಕಡೆಗೆ ಬಂದರು. ಜಯನಗರ ಶುರುವಾದದ್ದು 1948ರಲ್ಲಿ. ಎಲ್ಲ ಕಡೆ ಲೆಕ್ಕ ಒಂದೇ: ಮೇನ್ ರಸ್ತೆ, ಅದಕ್ಕೆ ಅಡ್ಡವಾಗಿ ಕ್ರಾಸುಗಳು, ಮೂವತ್ತು-ನಲವತ್ತು, ನಲವತ್ತು-ಅರವತ್ತು, ಐವತ್ತು-ಎಂಬತ್ತರ ಸೈಟುಗಳು, ಸೈಟಿಗೊಂದು ಮನೆ. ಕಾಂಪೌಂಡಿನ ಪಕ್ಕ ತೆಂಗು, ಒಂದು ಕರಿಬೇವು, ಹಿಂದೆ ಬಟ್ಟೆ ಒಗೆಯುವ ಕಲ್ಲು.

ಈಗ ಆ ಮನೆಗಳ ಮಕ್ಕಳು ನಾಲ್ಕು ಜನ, ನಾಲ್ಕು ಊರಲ್ಲಿದ್ದಾರೆ. ಮನೆಗೆ ವಯಸ್ಸಾಗಿದೆ. ಮೆಟ್ರೋ ಹತ್ತಿರ ಬಂದಿದೆ. ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಕೊಂಡರೆ ಪ್ರತಿಯೊಬ್ಬರಿಗೂ ಒಂದು ಫ್ಲ್ಯಾಟು ಸಿಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಊರಿನ ನಡುವೆ, ಬಸ್ಸು ರೈಲು ಇರುವ ಕಡೆ ಇನ್ನಷ್ಟು ಜನ ಇರುವುದು ಒಳ್ಳೆಯದೇ. ಆ ಫ್ಲ್ಯಾಟಿಗೆ ಬರುವವರಿಗೂ ಮನೆ ಬೇಕು. ಹಾಗಾಗಿ "ಬೇಡ" ಅನ್ನುವವರ ಪರ ನಾನು ಪೂರ್ತಿ ಇಲ್ಲ. "ರೂಲ್ಸ್ ಪ್ರಕಾರ ಇದೆ, ಅಷ್ಟೇ" ಅನ್ನುವವರ ಪರವೂ ಇಲ್ಲ.

ಒಂದು ಸೈಟನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಐವತ್ತು-ಎಂಬತ್ತರ ಎರಡು ಸೈಟು ಸೇರಿಸಿದ್ದು. ಮೇನ್ ರಸ್ತೆಗೆ 100 ಅಡಿ ಮುಖ, 80 ಅಡಿ ಆಳ. ಮೀಟರಿನಲ್ಲಿ 30.5 ಮತ್ತು 24.4, ಒಟ್ಟು ಸುಮಾರು 744 ಚದರ ಮೀಟರ್. ದಕ್ಷಿಣಕ್ಕೆ 80 ಅಡಿಯ ಮೇನ್ ರಸ್ತೆ. ಪೂರ್ವಕ್ಕೆ 30 ಅಡಿಯ ಕ್ರಾಸು. ಉತ್ತರಕ್ಕೆ, ಅಂದರೆ ಹಿಂದೆ, ಅಜ್ಜಿಯ ಮನೆ: ಕೆಳಗೊಂದು ಮೇಲೊಂದು, ಎತ್ತರ 7 ಮೀಟರ್, ಕಾಂಪೌಂಡಿನಿಂದ ಒಂದೂವರೆ ಮೀಟರ್ ಒಳಗೆ.

ಮೊದಲು ಸೆಟ್‌ಬ್ಯಾಕ್. ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನ ವಲಯ ನಿಯಮಗಳಲ್ಲಿ ಇದಕ್ಕೊಂದು ಪಟ್ಟಿ ಇದೆ. ಕಟ್ಟಡ 11.5 ಮೀಟರ್ ದಾಟಿದರೆ ನಾಲ್ಕೂ ಕಡೆ 5 ಮೀಟರ್ ಬಿಡಬೇಕು. 15 ದಾಟಿದರೆ 6. 18 ದಾಟಿದರೆ 7. 21 ದಾಟಿದರೆ 8. ಹೀಗೆ ಏರುತ್ತದೆ. ಈ ಪಟ್ಟಿಗೆ ಆಗಾಗ ತಿದ್ದುಪಡಿ ಬರುತ್ತದೆ. ಆದ್ದರಿಂದ ನಕ್ಷೆ ಹಾಕುವ ದಿನ ಯಾವುದು ಜಾರಿಯಲ್ಲಿದೆಯೋ ಅದನ್ನೇ ನೋಡಬೇಕು. ಆದರೆ ಲೆಕ್ಕ ಹಾಕುವ ರೀತಿ ಇದೇ.

ಈಗ ನಮ್ಮ ಸೈಟಿಗೆ ಇದನ್ನು ಹಾಕಿ. ಕೆಳಗೆ ಕಾರು ನಿಲ್ಲಿಸಲು ಸ್ಟಿಲ್ಟ್ (ಗೋಡೆಗಳಿಲ್ಲದ, ಬರೀ ಕಾಲಮ್‌ಗಳ ಅಂತಸ್ತು), ಮೇಲೆ ನಾಲ್ಕು ಅಂತಸ್ತು, ಸ್ಟಿಲ್ಟೂ ಸೇರಿ ಒಂದೊಂದು 3 ಮೀಟರ್. ಒಟ್ಟು 15 ಮೀಟರ್. ಸುತ್ತ 5 ಮೀಟರ್ ಬಿಟ್ಟರೆ ಉಳಿಯುವುದು 20.5ಕ್ಕೆ 14.4, ಅಂದರೆ 295 ಚದರ ಮೀಟರ್. ನಾಲ್ಕು ಅಂತಸ್ತಿಗೆ ಸುಮಾರು 1,180.

ಇನ್ನೊಂದು ಅಂತಸ್ತು ಏರಿಸೋಣ, ಲಾಭ ಜಾಸ್ತಿ ಅಲ್ವಾ? 18 ಮೀಟರ್ ಆಯಿತು, ಸುತ್ತ 6 ಬಿಡಬೇಕು. ಅಂತಸ್ತಿಗೆ 229 ಚದರ ಮೀಟರ್ ಉಳಿಯುತ್ತದೆ. ಐದು ಅಂತಸ್ತಿಗೆ 1,147. ಕಡಿಮೆಯೇ ಆಯಿತು. ಆರನೆಯದು ಹಾಕಿದರೆ 21 ಮೀಟರ್, ಸುತ್ತ 7, ಅಂತಸ್ತಿಗೆ 172, ಒಟ್ಟು 1,030. ಏಳು ಅಂತಸ್ತಿಗೆ ಹೋದರೆ 853ಕ್ಕೆ ಇಳಿಯುತ್ತದೆ.

ಈ ಲೆಕ್ಕವನ್ನು ನಾನು ಮೊದಲ ಸಲ ಹಾಕಿದಾಗ ಎಲ್ಲೋ ತಪ್ಪಿದೆ ಅಂದುಕೊಂಡು ಮತ್ತೆ ಹಾಕಿದ್ದೆ. ತಪ್ಪಿರಲಿಲ್ಲ. ಈ ಅಳತೆಯ ಸೈಟಿನಲ್ಲಿ ಮೇಲೇರಿದಷ್ಟೂ ಕಟ್ಟಡ ಸಣ್ಣಗಾಗುತ್ತದೆ. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) ಎಷ್ಟೇ ಸಿಗಲಿ, ಅದನ್ನು ಪೂರ್ತಿ ಬಳಸುವ ಜಾಗವೇ ಇರುವುದಿಲ್ಲ. ನಿಯಮ ಪಾಲಿಸಿದರೆ ಸ್ಟಿಲ್ಟ್ ಮತ್ತು ನಾಲ್ಕು ಅಂತಸ್ತೇ ಎಲ್ಲರಿಗೂ ಲಾಭದ ಎತ್ತರ. ಅಂತಸ್ತಿಗೆ ಮೂರರಂತೆ ಹನ್ನೆರಡು ಫ್ಲ್ಯಾಟು.

ಹಾಗಿದ್ದರೆ ಸಣ್ಣ ಸೈಟಿನಲ್ಲಿ ಆರು ಅಂತಸ್ತು, ಕಾಂಪೌಂಡಿಗೆ ಅಂಟಿದ ಗೋಡೆ ಎಲ್ಲ ಕಾಣುತ್ತದಲ್ಲ, ಅದು ಹೇಗೆ? 11.5 ಮೀಟರ್ ಒಳಗೆ ಇದ್ದರೆ ಸೆಟ್‌ಬ್ಯಾಕ್ ತುಂಬಾ ಕಡಿಮೆ. ಅದಕ್ಕೆ ಕಡಿಮೆ ಎತ್ತರಕ್ಕೆ ಪ್ಲಾನ್ ಸ್ಯಾಂಕ್ಷನ್ ಮಾಡಿಸಿ, ಕಡಿಮೆ ಜಾಗ ಬಿಟ್ಟು, ಆಮೇಲೆ ಮೇಲೆ ಅಂತಸ್ತು ಏರಿಸುತ್ತಾರೆ. ಇದಕ್ಕೆ ನಾವೆಲ್ಲ "ಡೀವಿಯೇಷನ್" ಅಂತ ಹಗುರವಾದ ಹೆಸರು ಇಟ್ಟುಕೊಂಡಿದ್ದೇವೆ. ಪಕ್ಕದ ಮನೆಯವರ ಬಿಸಿಲು, ಗಾಳಿ, ಬೆಂಕಿ ಬಿದ್ದಾಗ ಫೈರ್ ಎಂಜಿನ್ ನುಗ್ಗುವ ದಾರಿ, ಮೂರನ್ನೂ ಕಿತ್ತುಕೊಳ್ಳುವ ಕೆಲಸ ಅದು. ಆ ಫ್ಲ್ಯಾಟು ಕೊಂಡವರಿಗೂ ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ) ಸಿಗದೆ ವರ್ಷಗಟ್ಟಲೆ ತಲೆನೋವು.

ಈಗ ಬಿಸಿಲಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮೂರ ಬಿಸಿಲು ಬೇರೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ದಿನ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇಲ್ಲ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳನ್ನು ಅಂಗಳಕ್ಕೆ ಕರೆದು ತೋರಿಸುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ. ಜೂನ್ 21ರ ಮಧ್ಯಾಹ್ನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ 15 ಮೀಟರ್ ಕಟ್ಟಡಕ್ಕೆ 3 ಮೀಟರಿಗಿಂತ ಕಡಿಮೆ. ಉಳಿದ ಎಂಟು ತಿಂಗಳು ಅವನು ದಕ್ಷಿಣಕ್ಕೆ.

ಡಿಸೆಂಬರ್ 21 ಕಷ್ಟದ ದಿನ. ಅವತ್ತು ಮಧ್ಯಾಹ್ನ ಕೂಡ ಸೂರ್ಯ 53-54 ಡಿಗ್ರಿಗಿಂತ ಮೇಲೇರುವುದಿಲ್ಲ. ಮನೆಯಲ್ಲೇ ನೋಡಬಹುದು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡೂ ಕಾಲು ದಾಟಿದ ಹೊತ್ತಿಗೆ ನೆರಳು ಅಳೆಯಿರಿ. ಸುಮಾರು 74 ಸೆಂಟಿಮೀಟರ್ ಇರುತ್ತದೆ. ಅಂದರೆ ಎತ್ತರ ಎಷ್ಟೋ ಅದರ ಮುಕ್ಕಾಲು ಪಾಲು ನೆರಳು, ಉತ್ತರ ದಿಕ್ಕಿಗೆ. 15 ಮೀಟರ್ ಕಟ್ಟಡಕ್ಕೆ 11 ಮೀಟರ್.

ಅಜ್ಜಿಯ ಮನೆಯ ಗೋಡೆ ಕಟ್ಟಡದಿಂದ ಆರೂವರೆ ಮೀಟರ್ ದೂರ: ಇತ್ತ 5, ಅತ್ತ ಒಂದೂವರೆ. ಅಷ್ಟು ದೂರಕ್ಕೆ ಬಂದಾಗ ನೆರಳಿನ ಅಂಚು ನೆಲದಿಂದ 6.2 ಮೀಟರ್ ಎತ್ತರದಲ್ಲಿ ಇರುತ್ತದೆ. ಮನೆ 7 ಮೀಟರ್. ಅಂದರೆ ತಾರಸಿಗೆ ಬಿಸಿಲು ಇದೆ, ಆದರೆ ದಕ್ಷಿಣದ ಗೋಡೆ, ಕೆಳಗಿನ ಕಿಟಕಿ, ಮೇಲಿನ ಕಿಟಕಿ ಎಲ್ಲ ನೆರಳಲ್ಲಿ. ಕಟ್ಟಡದ ತಾರಸಿ ಅಂಚಿಗೆ ಒಂದು ಮೀಟರ್ ಗೋಡೆ ಎಬ್ಬಿಸಿದರೆ, ಆ ನೆರಳೂ ಒಂದು ಮೀಟರ್ ಏರಿ ಅಜ್ಜಿಯ ತಾರಸಿಯನ್ನೇ ಮುಟ್ಟುತ್ತದೆ.

ತಾರಸಿ ಯಾಕೆ ಮುಖ್ಯ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸೋಲಾರ್ ವಾಟರ್ ಹೀಟರ್ ಇದೆ, ದಕ್ಷಿಣಕ್ಕೆ ಮುಖ ಮಾಡಿಕೊಂಡು. ಬಿಸಿನೀರು ಜಾಸ್ತಿ ಬೇಕಾಗುವುದೇ ಡಿಸೆಂಬರ್, ಜನವರಿಯಲ್ಲಿ. ಚಳಿಗಾಲದ ಬೆಳಿಗ್ಗೆ ಒಂಬತ್ತು ದಾಟಿದ ಹೊತ್ತಿಗೆ ಸೂರ್ಯ ಇನ್ನೂ 33 ಡಿಗ್ರಿಯಲ್ಲಿ ಇರುತ್ತಾನೆ. ಆಗ 15 ಮೀಟರ್ ಕಟ್ಟಡದ ನೆರಳು ಅಜ್ಜಿಯ ತಾರಸಿಯ ಅಂಚಿನ ಒಂದು ಮೀಟರ್ ಚಿಲ್ಲರೆ ಜಾಗವನ್ನು ನುಂಗುತ್ತದೆ. 21 ಮೀಟರ್ ಕಟ್ಟಡವಾಗಿದ್ದರೆ, 7 ಮೀಟರ್ ಬಿಟ್ಟರೂ, 5 ಮೀಟರಿಗಿಂತ ಹೆಚ್ಚು ಒಳಗೆ ಹೋಗುತ್ತದೆ. ಹೀಟರ್ ಇರುವುದು ಸಾಮಾನ್ಯವಾಗಿ ಅಲ್ಲೇ.

ಇದಕ್ಕೆ ಪರಿಹಾರ ಅಂತಸ್ತು ಕಡಿಯುವುದೇ? ಅದಕ್ಕಿಂತ ಹದವಾದ ದಾರಿ ಇದೆ. ಮೇಲಿನ ಅಂತಸ್ತನ್ನು ಮಾತ್ರ ಉತ್ತರದ ಕಡೆ 3 ಮೀಟರ್ ಒಳಗೆ ಸರಿಸಿ. ಮೆಟ್ಟಿಲಿನ ಹಾಗೆ. ಈಗ ಅದೇ ಲೆಕ್ಕ ಮತ್ತೆ ಹಾಕಿ: ನೆರಳಿನ ಅಂಚು ಅಜ್ಜಿಯ ಗೋಡೆಯ ಮೇಲೆ 6.2ರಿಂದ 3.2 ಮೀಟರಿಗೆ ಇಳಿಯುತ್ತದೆ. ಮೇಲಿನ ಮಹಡಿಯ ಕಿಟಕಿಗಳಿಗೆ ಪೂರ್ತಿ ಬಿಸಿಲು ವಾಪಸ್ಸು ಬಂತು. ಕಳೆದುಕೊಂಡದ್ದು ಸುಮಾರು 61 ಚದರ ಮೀಟರ್. ಅದೂ ಕಳೆದುಹೋಗಲಿಲ್ಲ, ಮೇಲಿನ ಫ್ಲ್ಯಾಟುಗಳಿಗೆ ತೆರೆದ ಅಂಗಳವಾಯಿತು. ಅಂಗಳವಿರುವ ಫ್ಲ್ಯಾಟಿಗೆ ಬೆಲೆ ಜಾಸ್ತಿ ಅಂತ ಬಿಲ್ಡರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಓವರ್‌ಹೆಡ್ ಟ್ಯಾಂಕು, ಲಿಫ್ಟಿನ ಕೋಣೆ, ಮೆಟ್ಟಿಲಿನ ತಲೆ, ಇವು ಮೂರೂ ಸೇರಿ ಕಟ್ಟಡದ ನೆತ್ತಿಯ ಮೇಲೆ ಇನ್ನೂ ಮೂರು ನಾಲ್ಕು ಮೀಟರ್ ಏರುತ್ತವೆ. ಅವನ್ನು ರಸ್ತೆಯ ಕಡೆಗೆ ತಳ್ಳಿದರೆ ಖರ್ಚಿಲ್ಲದೆ ಅಷ್ಟು ನೆರಳು ತಪ್ಪುತ್ತದೆ. ನಕ್ಷೆ ಹಾಕುವ ಮೊದಲ ದಿನ ಇದನ್ನು ಯೋಚಿಸಿದರೆ ಸುಲಭ. ಕಾಲಮ್ ಎದ್ದ ಮೇಲೆ ಆಗುವುದಿಲ್ಲ.

ಈ ಮೆಟ್ಟಿಲು ಹೊಸ ಉಪಾಯವಲ್ಲ. ಕೆನಡಾದ ಟೊರೊಂಟೊ ನಗರ ಮಧ್ಯಮ ಎತ್ತರದ ಕಟ್ಟಡಗಳಿಗೆಂದೇ 2010ರಲ್ಲಿ ಒಂದು ಮಾರ್ಗಸೂಚಿ ಮಾಡಿತು. ರಸ್ತೆ ಎಷ್ಟು ಅಗಲವೋ ಕಟ್ಟಡ ಅಷ್ಟೇ ಎತ್ತರ. ಹಿಂದೆ ಒಂಟಿ ಮನೆಗಳಿದ್ದರೆ ಗಡಿಯಿಂದ 7.5 ಮೀಟರ್ ಬಿಟ್ಟು, ಮೇಲೆ 45 ಡಿಗ್ರಿಯ ಓರೆ ಗೆರೆ ಎಳೆದು, ಕಟ್ಟಡ ಆ ಗೆರೆ ದಾಟಬಾರದು. ಅವರಿಗೆ ಇದು ಬೇಕಿತ್ತು. ಅಲ್ಲಿ ಡಿಸೆಂಬರ್ ಮಧ್ಯಾಹ್ನ ಸೂರ್ಯ 23 ಡಿಗ್ರಿ ದಾಟುವುದಿಲ್ಲ, ನಮ್ಮಲ್ಲಿ 11 ಮೀಟರ್ ನೆರಳು ಬೀಳುವ ಕಟ್ಟಡಕ್ಕೆ ಅಲ್ಲಿ 35 ಮೀಟರ್ ನೆರಳು. ಆದರೆ ಅನುಭವದಲ್ಲಿ ಕಂಡದ್ದೇನು? ಅಂತಸ್ತಿಗೊಂದು ಮೆಟ್ಟಿಲಾದರೆ ಕಾಲಮ್‌ಗಳು ಒಂದರ ಮೇಲೊಂದು ಕೂರುವುದಿಲ್ಲ, ಪೈಪುಗಳು ಅಡ್ಡಾದಿಡ್ಡಿ ಓಡುತ್ತವೆ, ಖರ್ಚು ಏರುತ್ತದೆ, ಎಷ್ಟೋ ಕಟ್ಟಡಗಳು ನಕ್ಷೆಯಲ್ಲೇ ಉಳಿಯುತ್ತವೆ. ಹಾಗಾಗಿ ಹಿಂದಿನ ಕಡೆಯ ಆ ಓರೆ ಗೆರೆಯನ್ನು ಟೊರೊಂಟೊ ಇತ್ತೀಚೆಗೆ ಕೈಬಿಟ್ಟು, ಸರಳವಾದ ಸೆಟ್‌ಬ್ಯಾಕ್ ಕಡೆಗೆ ತಿರುಗಿದೆ.

ನಮಗೂ ಇದರಲ್ಲಿ ಪಾಠ ಇದೆ. ಮೆಟ್ಟಿಲು ಒಂದೇ ಸಾಕು, ಅದೂ ಕಾಲಮ್ ಸಾಲಿನ ಲೆಕ್ಕಕ್ಕೆ ಸರಿಯಾಗಿ ಬರಬೇಕು. ಸರಿದ ಗೋಡೆಯ ಕೆಳಗೆ ಕಾಲಮ್ ಸಾಲು ಇದ್ದರೆ ಭಾರ ನೇರವಾಗಿ ಪಾಯಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ದಪ್ಪನೆಯ ಬೀಮ್ ಹಾಕಬೇಕು. ಇನ್ನೊಂದು ವಿಷಯ: ಆ ತೆರೆದ ಅಂಗಳದ ಕೆಳಗೆ ಯಾರದೋ ಮಲಗುವ ಕೋಣೆ ಇರುತ್ತದೆ. ವಾಟರ್‌ಪ್ರೂಫಿಂಗ್‌ನಲ್ಲಿ ಉಳಿತಾಯ ಮಾಡಲು ಹೋದರೆ ಎರಡನೇ ಮಳೆಗಾಲಕ್ಕೆ ಸೂರು ಸೋರುತ್ತದೆ.

ಹಾಗೆಂದು ನೆರಳೆಲ್ಲ ಕೆಟ್ಟದ್ದು ಅಂತಲ್ಲ. ಪಶ್ಚಿಮದ ಕಡೆ ಕಟ್ಟಡ ಬಂದರೆ ಮಾರ್ಚ್-ಏಪ್ರಿಲ್ ತಿಂಗಳ ಸಂಜೆ ಬಿಸಿಲು ತಪ್ಪುತ್ತದೆ. ಅದನ್ನು ಖುಷಿಯಿಂದ ಒಪ್ಪುವ ಮನೆಗಳೂ ಇವೆ. ಯಾವ ದಿಕ್ಕಿನಲ್ಲಿ ಯಾರ ಮನೆ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮ ಪಟ್ಟಿಯಲ್ಲಿ ನಾಲ್ಕೂ ಕಡೆ ಒಂದೇ ಸೆಟ್‌ಬ್ಯಾಕ್. ಅದು ಕನಿಷ್ಠ ಅಷ್ಟೇ. ಎಲ್ಲಿ ಅದಕ್ಕಿಂತ ಜಾಸ್ತಿ ಬಿಡಬೇಕು ಅಂತ ಸೂರ್ಯನನ್ನು ಕೇಳಬೇಕು.

ಬಿಸಿಲಾದ ಮೇಲೆ ಕಣ್ಣು.

ಮಾರ್ಚ್ ಬಂದರೆ ಅಜ್ಜಿ ತಾರಸಿಯಲ್ಲಿ ಸಂಡಿಗೆ ಹಾಕುತ್ತಾರೆ. ಹಳೇ ಪಂಚೆ ಹಾಸಿ, ಅಂಚಿಗೆ ಕಲ್ಲಿಟ್ಟು, ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡು, ನೆಮ್ಮದಿಯಾಗಿ ಕೂತು ಮಾಡುವ ಕೆಲಸ. ಎದುರು ಆರೇಳು ಬಾಲ್ಕನಿ ಇದೇ ಕಡೆ ತಿರುಗಿದ್ದರೆ ಆ ನೆಮ್ಮದಿ ಹೋಯಿತು. ಬಾಲ್ಕನಿಯಲ್ಲಿ ನಿಂತವರೂ ಕೆಟ್ಟವರಲ್ಲ, ಕಾಫಿ ಕುಡಿಯುತ್ತಾ ಇರುತ್ತಾರೆ ಅಷ್ಟೇ. ಅವರಿಗೂ ಮುಜುಗರ.

ಇಲ್ಲಿಯೂ ಅಳತೆ ಸಹಾಯಕ್ಕೆ ಬರುತ್ತದೆ. ಸ್ಟಿಲ್ಟ್ ಮೇಲಿನ ಮೊದಲ ಅಂತಸ್ತಿನಲ್ಲಿ ನಿಂತವರ ಕಣ್ಣು ನಾಲ್ಕೂವರೆ ಮೀಟರ್ ಎತ್ತರದಲ್ಲಿ, ಅಜ್ಜಿಯ ಮೇಲಿನ ಮಹಡಿಯ ಕಿಟಕಿಗೆ ನೇರ. ಎರಡನೇ ಅಂತಸ್ತಿನವರ ಕಣ್ಣು ಏಳೂವರೆ, ತಾರಸಿಯ ಗೋಡೆಯ ಮಟ್ಟಕ್ಕೆ. ಮೂರನೆಯವರಿಗೆ ತಾರಸಿ ತಟ್ಟೆಯ ಹಾಗೆ ಕಾಣುತ್ತದೆ. ಒಂದೊಂದು ಅಂತಸ್ತಿಗೂ ಬೇರೆ ಉಪಾಯ ಬೇಕು. ಕೆಳಗಿನವರ ಕಿಟಕಿ ಅಜ್ಜಿಯ ಕಿಟಕಿಗೆ ಎದುರಾಗದಂತೆ ಸ್ವಲ್ಪ ಸರಿಸಿದರೆ ಸಾಕು. ನಡುವಿನ ಅಂತಸ್ತುಗಳಲ್ಲಿ ಹಾಲ್ ಮತ್ತು ಬಾಲ್ಕನಿಯನ್ನು ರಸ್ತೆ ಕಡೆ, ಕ್ರಾಸಿನ ಕಡೆ ತಿರುಗಿಸಿ, ಹಿಂದೆ ಮಲಗುವ ಕೋಣೆ ಇಡಬಹುದು. ಮಲಗುವ ಕೋಣೆಯ ಕಿಟಕಿಗೆ ಪರದೆ ಹಾಕುತ್ತಾರೆ, ಹಾಲಿನ ಬಾಲ್ಕನಿಗೆ ಯಾರೂ ಹಾಕುವುದಿಲ್ಲ.

ಮೇಲಿನ ತೆರೆದ ಅಂಗಳದ ಅಂಚಿಗೆ ಒಂದು ಮೀಟರ್ ಅಗಲ, 1.1 ಮೀಟರ್ ಎತ್ತರದ ಗಿಡದ ಕಟ್ಟೆ ಕಟ್ಟಿದರೆ, ಅಲ್ಲಿ ನಿಂತವರಿಗೆ ಆಕಾಶ ಕಾಣುತ್ತದೆ, ದೂರದ ಮರ ಕಾಣುತ್ತದೆ, ಆದರೆ ಅಜ್ಜಿಯ ತಾರಸಿಯ ಈ ಕಡೆಯ ಐದು ಮೀಟರಿನಲ್ಲಿ ನಿಂತವರು ಕಾಣುವುದಿಲ್ಲ. ಈ ಕಟ್ಟೆಯಿಂದ ಚಳಿಗಾಲದ ನೆರಳು 3.2ರಿಂದ 4.3 ಮೀಟರಿಗೆ ಏರುತ್ತದೆ, ನಿಜ. ಮೇಲಿನ ಮಹಡಿಯ ಕಿಟಕಿಯ ಬುಡಕ್ಕೆ ಬಂದು ನಿಲ್ಲುತ್ತದೆ. ಕಣ್ಣಿಗೆ ಮರೆ ಬೇಕೋ, ಇನ್ನೊಂದು ಮೀಟರ್ ಬಿಸಿಲು ಬೇಕೋ? ಇದನ್ನು ಆರ್ಕಿಟೆಕ್ಟ್ ಒಬ್ಬರೇ ಕೂತು ತೀರ್ಮಾನಿಸಬಾರದು. ಅಜ್ಜಿಯನ್ನು ಕೇಳಬೇಕು.

ಎಲ್ಲರೂ ಮಾಡುವ ಒಂದು ಸುಲಭದ ತಪ್ಪು ಇದೆ. ಪಕ್ಕದವರ ಕಡೆಗೆ ಕಿಟಕಿಯೇ ಬೇಡ ಅಂತ ಟಾಯ್ಲೆಟ್ಟು, ಯುಟಿಲಿಟಿ, ಡಕ್ಟುಗಳನ್ನೆಲ್ಲ ಆ ಕಡೆ ಇಟ್ಟುಬಿಡುವುದು. ಆಗ ಅಜ್ಜಿಗೆ ದಿನಾ ಕಾಣುವುದು ಪೈಪು, ಎಕ್ಸಾಸ್ಟ್ ಫ್ಯಾನು, ವಾಷಿಂಗ್ ಮಷೀನಿನ ಸದ್ದು. ಕಟ್ಟಡಕ್ಕೆ ಬೆನ್ನು ಅಂತ ಒಂದು ಕಡೆ ಇರಲೇಬೇಕು ಅಂತೇನೂ ಇಲ್ಲ. ಹಿಂದಿನ ಗೋಡೆಗೂ ಸಜ್ಜೆ, ಜಾಲಿ, ಒಳ್ಳೆಯ ಬಣ್ಣ ಕೊಡಿ. ಅದನ್ನು ಪ್ರತಿದಿನ ನೋಡುವುದು ಒಬ್ಬರೇ ಆದರೂ, ನೋಡುವವರು ಇದ್ದಾರೆ.

ಇನ್ನು ನೆಲದ ಮಟ್ಟಕ್ಕೆ, ಅಲ್ಲಿಂದ ಕೆಳಕ್ಕೆ.

ಹನ್ನೆರಡು ಫ್ಲ್ಯಾಟಿಗೆ ಕಾರುಗಳನ್ನು ಎಲ್ಲಿಡುವುದು? ಬೇಸ್‌ಮೆಂಟ್ ಅಂತ ಥಟ್ಟನೆ ಹೇಳುತ್ತಾರೆ. ಆದರೆ ಮೂರು ಮೀಟರ್ ಕೆಳಗೆ ಇಳಿಯಲು, ಎಂಟಕ್ಕೆ ಒಂದರ ಇಳಿಜಾರಿನಲ್ಲಿ, 24 ಮೀಟರ್ ಉದ್ದದ ರ‍್ಯಾಂಪ್ ಬೇಕು. ನಮ್ಮ ಸೈಟಿನ ಆಳವೇ 24.4 ಮೀಟರ್. ಅಂದರೆ ಒಂದು ಪಕ್ಕ ಪೂರ್ತಿ ರ‍್ಯಾಂಪೇ ಆಗಿಬಿಡುತ್ತದೆ, ಸಾಮಾನ್ಯವಾಗಿ ಪಕ್ಕದ ಮನೆಯ ಕಾಂಪೌಂಡಿಗೆ ಒತ್ತಿಕೊಂಡು. ರಾತ್ರಿ ಹನ್ನೊಂದಕ್ಕೆ ಬರುವ ಕಾರು ಅಲ್ಲೇ ಗೇರ್ ಬದಲಾಯಿಸುತ್ತದೆ. ಸ್ಟಿಲ್ಟಿನಲ್ಲಿ ಹತ್ತು ಹನ್ನೊಂದು ಕಾರು, ಮುಂದಿನ ಖಾಲಿ ಜಾಗದಲ್ಲಿ ಇನ್ನೆರಡು ಮೂರು ನಿಲ್ಲುತ್ತವೆ ಅಂದರೆ ಬೇಸ್‌ಮೆಂಟ್ ತೋಡದಿರುವುದೇ ಒಳ್ಳೆಯದು. ಸ್ಟಿಲ್ಟಿಗೆ ಒಂದು ಎಚ್ಚರಿಕೆ: ಕೆಳಗೆ ಗೋಡೆಗಳಿಲ್ಲದೆ ಬರೀ ಕಾಲಮ್ ಮೇಲೆ ನಿಂತ ಕಟ್ಟಡ ಭೂಕಂಪಕ್ಕೆ ಮೊದಲು ಸೋಲುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಇಂಥ ಕಟ್ಟಡಗಳು ಕುಸಿದವು. ಲಿಫ್ಟಿನ ಸುತ್ತ ಕಾಂಕ್ರೀಟ್ ಗೋಡೆ ಕೊಟ್ಟು ಕೆಳಗಿನ ಅಂತಸ್ತನ್ನು ಗಟ್ಟಿ ಮಾಡಿಕೊಳ್ಳಬೇಕು. ಇದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ, ಮೇಸ್ತ್ರಿಯ ಅಂದಾಜಿಗೆ ಬಿಡುವಂಥದ್ದಲ್ಲ.

ತೋಡಲೇಬೇಕು ಅಂದರೆ ಅಜ್ಜಿಯ ಮನೆಯ ಪಾಯವನ್ನು ಮೊದಲು ನೆನೆಯಬೇಕು. ಆ ಕಾಲದ ಮನೆ, ಸೈಜುಗಲ್ಲಿನ ಪಾಯ, ನಾಲ್ಕೈದು ಅಡಿ ಆಳ. ಪಕ್ಕದಲ್ಲಿ 4 ಮೀಟರ್ ಗುಂಡಿ ಬಿದ್ದರೆ, ಪಾಯದ ಬುಡದಿಂದ 45 ಡಿಗ್ರಿ ಓರೆಯಾಗಿ ಇಳಿಯುವ ಗೆರೆಯ ಒಳಗಿನ ಮಣ್ಣನ್ನು ಮುಟ್ಟಬಾರದು. ಆ ಮಣ್ಣಿನ ಮೇಲೆಯೇ ಮನೆಯ ಭಾರ ಇರುವುದು. ಒಣಗಿದ ಕೆಂಪು ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಂತು ಮೋಸ ಮಾಡುತ್ತದೆ. ಒಂದು ರಾತ್ರಿ ಜೋರು ಮಳೆ ಬಂದರೆ ಕಾಂಪೌಂಡ್ ಸಮೇತ ಜಾರುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಅಗೆದು ಮುಗಿಸುವುದು, ಅಗೆಯುವ ಮುಂಚೆ ಅಂಚಿಗೆ ಪೈಲ್ ಇಳಿಸಿ ಮಣ್ಣು ಹಿಡಿದು ನಿಲ್ಲಿಸುವುದು.

ಇನ್ನೊಂದು ಕೆಲಸ ಇದೆ, ಖರ್ಚಿಲ್ಲದ್ದು, ಆದರೂ ಯಾರೂ ಮಾಡುವುದಿಲ್ಲ. ಜೆಸಿಬಿ ಬರುವ ಮುಂಚೆ ಪಕ್ಕದ ಮನೆಯ ಒಳಗೆ ಹೋಗಿ, ಈಗಾಗಲೇ ಇರುವ ಬಿರುಕುಗಳ ಫೋಟೋ ತೆಗೆದು, ತಾರೀಖು ಬರೆದು, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳುವುದು. ದೊಡ್ಡ ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗೋಡೆ ಒಂದಿಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಕೆಲಸ ನಿಲ್ಲಿಸಿ ನೋಡಬೇಕು. ಒಡೆಯದಿದ್ದರೆ, "ನಿಮ್ಮಿಂದಲೇ ಬಿರುಕು ಬಿಟ್ಟಿದ್ದು" ಅನ್ನುವ ಮಾತಿಗೂ ಉತ್ತರ ಇರುತ್ತದೆ.

ನೀರಿನ ಲೆಕ್ಕ ಬೇಗ ಮುಗಿಯುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುವುದು ವಾಡಿಕೆ. ಮೊದಲು ಎರಡು ಮನೆ, ಹತ್ತು ಜನ, 1,350 ಲೀಟರ್. ಈಗ ಹನ್ನೆರಡು ಫ್ಲ್ಯಾಟು, ಮನೆಗೆ ನಾಲ್ವರು, ಸುಮಾರು 6,500 ಲೀಟರ್. ಹೆಚ್ಚು ಕಡಿಮೆ ಐದು ಪಟ್ಟು. ಇದರ ಬಹುಪಾಲು ಮತ್ತೆ ಒಳಚರಂಡಿಗೆ ಹೋಗುತ್ತದೆ. ಕ್ರಾಸಿನ ಸಣ್ಣ ಪೈಪಿಗೆ ಇದನ್ನು ಜೋಡಿಸಿದರೆ ಉಕ್ಕುವುದು ತಗ್ಗಿನಲ್ಲಿರುವ ಹಳೇ ಮನೆಯ ಚೇಂಬರಿನಲ್ಲಿ. ಮೇನ್ ರಸ್ತೆಯ ದೊಡ್ಡ ಲೈನಿಗೇ ಕೊಡಬೇಕು. ಮಳೆನೀರೂ ಅಷ್ಟೇ. 50 ಮಿಲಿಮೀಟರ್ ಮಳೆ ಬಂದರೆ ಈ ಸೈಟೊಂದರ ಮೇಲೇ 37 ಸಾವಿರ ಲೀಟರ್ ಬೀಳುತ್ತದೆ. ಮೊದಲು ತೋಟದ ಮಣ್ಣು ಕುಡಿಯುತ್ತಿತ್ತು. ಈಗ ಸುತ್ತ ಕಾಂಕ್ರೀಟ್ ಹಾಕಿ, ನೆಲವನ್ನು ಒಂದಡಿ ಎತ್ತರಿಸಿದರೆ ಅದೆಲ್ಲ ಕಾಂಪೌಂಡ್ ಕೆಳಗಿಂದ ಪಕ್ಕದವರ ಅಂಗಳಕ್ಕೆ. ಮಳೆನೀರು ಕೊಯ್ಲು 2009ರಿಂದ ಕಾನೂನಿನಲ್ಲೇ ಇದೆ. ಅದನ್ನು ಓಸಿಗಾಗಿ ತೋರಿಸುವ ಗುಂಡಿಯಾಗಿ ಮಾಡದೆ, ಹಿಂದಿನ ಸೆಟ್‌ಬ್ಯಾಕಿನಲ್ಲೇ ನಿಜವಾದ ಇಂಗುಗುಂಡಿ ಮಾಡಬೇಕು. ಗಿಡವೂ ಅಲ್ಲೇ. ಫೈರ್ ಎಂಜಿನ್ ದಾರಿಗೆ ಅಡ್ಡ ಬಾರದ ಹಾಗೆ ಕಾಂಪೌಂಡ್ ಉದ್ದಕ್ಕೂ ಒಂದು ಸಾಲು ಹೊಂಗೆ ಅಥವಾ ಸಂಪಿಗೆ.

ಜನರೇಟರ್, ಪಂಪು, ಎಸಿ ಹೊರಘಟಕಗಳು: ಎಲ್ಲರೂ ಇವನ್ನು ಹಿಂದೆ ಇಡುತ್ತಾರೆ, ಮುಂದೆ ಚೆನ್ನಾಗಿ ಕಾಣಬೇಕಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ. ಕರೆಂಟು ಹೋದ ರಾತ್ರಿ, ಊರೆಲ್ಲ ನಿಶ್ಶಬ್ದವಾಗಿರುವಾಗ, ಹಿಂದಿನ ಮನೆಯ ಮಂಚದಿಂದ ಆರು ಮೀಟರ್ ದೂರದಲ್ಲಿ ಜನರೇಟರ್ ಗುರ್ರೆಂದರೆ ಹೇಗಿರುತ್ತದೆ? ಅದನ್ನು ಮೇನ್ ರಸ್ತೆಯ ಕಡೆ, ಟ್ರಾನ್ಸ್‌ಫಾರ್ಮರ್ ಪಕ್ಕ ಇಡಿ. ಅಲ್ಲಿ ಹೇಗೂ ಬಸ್ಸಿನ ಸದ್ದಿದೆ.

ಗೇಟೂ ಮೇನ್ ರಸ್ತೆಗೇ ಇರಲಿ. ಕಾರ್ನರ್ ಸೈಟು ಅಂದರೆ ಕ್ರಾಸಿಗೊಂದು ಗೇಟು ಇಡುವ ಆಸೆ ಬರುತ್ತದೆ. ಕ್ರಾಸು ಮಕ್ಕಳು ಕ್ರಿಕೆಟ್ ಆಡುವ ಜಾಗ, ಸೊಪ್ಪಿನ ಗಾಡಿ ನಿಲ್ಲುವ ಜಾಗ. ಆ ಕಡೆಗೆ ಎತ್ತರದ ಖಾಲಿ ಗೋಡೆ ಕಟ್ಟುವ ಬದಲು ಕಾಂಪೌಂಡನ್ನು ನಾಲ್ಕಡಿಗೆ ಇಳಿಸಿ, ಮೇಲೆ ಗ್ರಿಲ್ ಹಾಕಿ. ನಡೆದುಹೋಗುವವರಿಗೆ ಒಳಗಿನ ಗಿಡ ಕಾಣುತ್ತದೆ, ಸಂಜೆ ದೀಪ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದನ್ನು ತೋರಿಸಲು ಒಂದೇ ಒಂದು ಚಿತ್ರ ಸಾಕು. ರಸ್ತೆಯಿಂದ ಶುರುವಾಗಿ, ಅಪಾರ್ಟ್‌ಮೆಂಟನ್ನು ಸೀಳಿ, ಕಾಂಪೌಂಡ್ ದಾಟಿ, ಹಿಂದಿನ ಮನೆಯನ್ನೂ ಸೀಳಿ ತೋರಿಸುವ ಸೆಕ್ಷನ್. ಅದರಲ್ಲಿ ಎರಡು ಗೆರೆ: ಡಿಸೆಂಬರ್ ಮಧ್ಯಾಹ್ನದ ಬಿಸಿಲಿನದು ಒಂದು, ಪ್ರತಿ ಅಂತಸ್ತಿನ ಕಣ್ಣಿನದು ಇನ್ನೊಂದು. ಎರಡೂ ಪಾಯಗಳ ಆಳ. ಇದನ್ನು ಬರೆಯಲು ಯಾವ ಆಫೀಸೂ ಕೇಳುವುದಿಲ್ಲ. ಒಬ್ಬ ಡ್ರಾಫ್ಟ್ಸ್‌ಮನ್‌ಗೆ ಒಂದು ದಿನದ ಕೆಲಸ. ಪಕ್ಕದ ಮನೆ ಅಳೆಯಲು ಅವರ ಒಪ್ಪಿಗೆ ಬೇಕು, ಹಾಗಾಗಿ ಬಾಗಿಲು ತಟ್ಟಬೇಕಾಗುತ್ತದೆ. ಕೆಲಸ ಶುರುವಾಗುವ ಮುಂಚೆ, ಟೇಪು ಹಿಡಿದುಕೊಂಡು, "ಅಜ್ಜಿ, ನಿಮ್ಮ ಕಿಟಕಿ ಎಷ್ಟು ಎತ್ತರಕ್ಕಿದೆ ನೋಡಬೇಕಿತ್ತು" ಅಂತ.